ಲಾವಂಚದ ಸುಗಂಧ: ಹಚ್ಚಿಕೊಳ್ಳುವ ಬಗೆ, ಬೇರು ಪಡೆಯುವ ಬಗೆ

ಮಾರ್ಚ್ ತಿಂಗಳು ಬಂತೆಂದರೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಸಂತೆಗಳಲ್ಲೂ ಗ್ರಂಧಿಗೆ ಅಂಗಡಿಗಳಲ್ಲೂ ಲಾವಂಚದ ಬೇರಿನ ಕಟ್ಟುಗಳು ಕಾಣಿಸಿಕೊಳ್ಳುತ್ತವೆ. ತಮಿಳಿನಲ್ಲಿ ವೆಟ್ಟಿವೇರ್ ಎಂದು ಕರೆಯುವ ಈ ಬೇರನ್ನು ಕುಡಿಯುವ ನೀರಿನ ಮಡಕೆಗೆ ಹಾಕುವುದು, ತಟ್ಟಿ ಹೆಣೆದು ಕಿಟಕಿಗೆ ಕಟ್ಟಿ ನೀರು ಚಿಮುಕಿಸುವುದು, ಸೀರೆ ಪಂಚೆಗಳ ಪೆಟ್ಟಿಗೆಯಲ್ಲಿ ಇಡುವುದು, ಸೀಗೆಪುಡಿಯೊಂದಿಗೆ ಕುಟ್ಟಿಸುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಈಗ ಅದೇ ಬೇರಿನ ವಾಸನೆ ಸೀಸೆಗಳಲ್ಲಿ ಸೆಂಟಾಗಿ, ಅತ್ತರಾಗಿ ಪೇಟೆಗೆ ಬಂದಿದೆ. ಕಾಲೇಜಿಗೆ ಹೋಗುವ ಮಕ್ಕಳು ಅದನ್ನು ಕೊಂಡು ತರುತ್ತಾರೆ. ಮನೆಯ ಹಿರಿಯರು ಮೂಸಿ ನೋಡಿ, "ಇದು ನಮ್ಮ ಹೊಲದ ಬದುವಿನ ವಾಸನೆಯಲ್ಲವೇ?" ಎಂದು ಬೆರಗಾಗುತ್ತಾರೆ.

ಇಲ್ಲಿ ರೈತ ಕುಟುಂಬಗಳಿಗೆ ಎರಡು ಪ್ರಶ್ನೆಗಳು ಏಳುತ್ತವೆ. ಈ ಸುಗಂಧವನ್ನು ಹೇಗೆ ಬಳಸಿದರೆ ಹಿತ, ಎಷ್ಟು ಬಳಸಿದರೆ ಸಾಕು ಎಂಬುದು ಮೊದಲನೆಯದು. ವ್ಯಾಪಾರಿಗಳು ಬೇರು ಕೇಳಿಕೊಂಡು ಬಂದಾಗ ಬದುವಿನ ಲಾವಂಚವನ್ನು ಕಿತ್ತು ಕೊಡಬಹುದೇ ಎಂಬುದು ಎರಡನೆಯದು. ಒಂದು ದೇಹಕ್ಕೆ ಸಂಬಂಧಿಸಿದ್ದು, ಇನ್ನೊಂದು ಭೂಮಿಗೆ ಸಂಬಂಧಿಸಿದ್ದು. ಎರಡಕ್ಕೂ ಉತ್ತರ ಬೇರಿನಲ್ಲೇ ಇದೆ.

ಹೆಸರು ಮತ್ತು ಗಿಡ

ಲಾವಂಚ ಹುಲ್ಲಿನ ಜಾತಿಗೆ ಸೇರಿದ ಸಸ್ಯ. ಹಿಂದಿನ ಪುಸ್ತಕಗಳಲ್ಲಿ ಇದರ ಶಾಸ್ತ್ರೀಯ ಹೆಸರು ವೆಟಿವೇರಿಯಾ ಜಿಜಾನಿಯೋಯ್ಡಿಸ್ ಎಂದಿದೆ. ಈಗ ಕ್ರೈಸೊಪೋಗಾನ್ ಜಿಜಾನಿಯೋಯ್ಡಿಸ್ ಎನ್ನುತ್ತಾರೆ. ಪ್ಯಾರಿಸ್ಸಿನ ಸುಗಂಧ ತಯಾರಕರು ಬಳಸುವ 'ವೆಟಿವರ್' ಎಂಬ ಪದ ತಮಿಳಿನ ವೆಟ್ಟಿವೇರಿನಿಂದ ಹೋದದ್ದು. ಅಗೆದು ತೆಗೆದ ಬೇರು ಎಂಬುದು ಆ ಪದಕ್ಕೆ ಹೇಳುವ ಅರ್ಥ. ಉತ್ತರ ಭಾರತದವರು ಇದನ್ನು ಖಸ್ ಎನ್ನುತ್ತಾರೆ. ಇದಕ್ಕೂ ಪಾಯಸಕ್ಕೆ ಹಾಕುವ ಗಸಗಸೆಗೂ ಸಂಬಂಧವಿಲ್ಲ. ಹಿಂದಿಯಲ್ಲಿ ಗಸಗಸೆಗೆ ಖಸ್‌ಖಸ್ ಎನ್ನುವುದರಿಂದ ಗೊಂದಲ ಉಂಟಾಗಿದೆ, ಅಷ್ಟೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಉತ್ತರದ ನದೀತೀರಗಳಲ್ಲಿ ಕಾಡುಗಿಡವಾಗಿ ಬೆಳೆಯುವುದು ಬೀಜ ಕಟ್ಟಿ ಹರಡುತ್ತದೆ. ನಮ್ಮ ದಕ್ಷಿಣದ ಬಗೆ ಮೊಳೆಯುವ ಬೀಜ ಬಿಡುವುದಿಲ್ಲ. ಬುಡದಿಂದ ಬಿಡಿಸಿದ ಮರಿಗಳನ್ನು ನೆಟ್ಟರೆ ಮಾತ್ರ ಬೆಳೆಯುತ್ತದೆ. ಆದ್ದರಿಂದ ಅದು ಕಳೆಯಾಗಿ ಹೊಲವನ್ನು ಆಕ್ರಮಿಸುವ ಭಯವಿಲ್ಲ. ಎರಡು ಬಗೆಗಳ ಎಣ್ಣೆಯ ಗುಣವೂ ವಾಸನೆಯೂ ಬೇರೆ ಬೇರೆ.

ಮಣ್ಣಿನ ವಾಸನೆ ಬರುವುದು ಹೇಗೆ?

ಸುಗಂಧವೆಂದರೆ ಮಲ್ಲಿಗೆ, ಗುಲಾಬಿ ಎಂದು ತಿಳಿದವರಿಗೆ ಲಾವಂಚದ ವಾಸನೆ ಮೊದಲು ವಿಚಿತ್ರವೆನಿಸುತ್ತದೆ. ಅದರಲ್ಲಿ ಒದ್ದೆ ಮಣ್ಣು ಇದೆ, ಒಣ ಹುಲ್ಲು ಇದೆ, ಕಡಿದ ಕಟ್ಟಿಗೆ ಇದೆ, ಕೆಲವೊಮ್ಮೆ ಸ್ವಲ್ಪ ಹೊಗೆಯೂ ಇದೆ. ಅದು ಸಿಹಿಯಲ್ಲ, ತುಸು ಕಹಿ ಬೆರೆತ ತಂಪು ವಾಸನೆ.

ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಕಂಪು ಬೇರೆ, ಲಾವಂಚದ ಕಂಪು ಬೇರೆ ಎಂಬುದನ್ನು ತಿಳಿಯಬೇಕು. ಮಳೆಯ ಕಂಪಿಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಸೂಕ್ಷ್ಮಾಣುಗಳು ಅದನ್ನು ಉತ್ಪಾದಿಸುತ್ತವೆ. 1965ರಲ್ಲಿ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಹೆಸರಿಟ್ಟರು. ನೀರಿನ ಒಂದು ಲಕ್ಷ ಕೋಟಿ ಭಾಗದಲ್ಲಿ ಅದರ ಕೆಲವೇ ಭಾಗಗಳಿದ್ದರೂ ಮನುಷ್ಯನ ನಾಲಿಗೆ, ಮೂಗುಗಳಿಗೆ ಗೊತ್ತಾಗುತ್ತದೆ. ಲಾವಂಚದ ಕಂಪಾದರೋ ಬೇರು ತನ್ನೊಳಗೆ ಕೂಡಿಸಿಕೊಳ್ಳುವ ಎಣ್ಣೆಯಿಂದ ಬರುವುದು. ಖುಸಿಮಾಲ್, ವೆಟಿವೋನ್ ಮೊದಲಾಗಿ ನೂರಕ್ಕೂ ಮೀರಿದ ಅಂಶಗಳು ಅದರಲ್ಲಿವೆ.

ಆದರೂ ಮಣ್ಣಿಗೂ ಈ ಎಣ್ಣೆಗೂ ನಂಟು ಇಲ್ಲದಿಲ್ಲ. ಬೇರಿನ ಒಳಗೇ ವಾಸಿಸುವ ಸೂಕ್ಷ್ಮಾಣುಗಳು ಎಣ್ಣೆಯ ಅಂಶಗಳನ್ನು ಮಾರ್ಪಡಿಸುತ್ತವೆ ಎಂದು 2008ರಲ್ಲಿ ಇಟಲಿಯ ವಿಜ್ಞಾನಿಗಳು ತೋರಿಸಿದರು. ಜೀವಂತ ಮಣ್ಣಿನಲ್ಲಿ ಬೆಳೆದ ಬೇರಿಗೂ ಸತ್ತ ಮಣ್ಣಿನಲ್ಲಿ ಬೆಳೆದ ಬೇರಿಗೂ ವ್ಯತ್ಯಾಸ ಇರುತ್ತದೆ ಎಂದು ರೈತರು ಹೇಳುವುದರಲ್ಲಿ ಅರ್ಥವಿದೆ.

ಈ ಎಣ್ಣೆಯ ಮುಖ್ಯ ಗುಣ ಭಾರ. ನಿಂಬೆಯ ಸಿಪ್ಪೆಯ ಮುಖ್ಯ ಅಂಶದ ಒಂದೊಂದು ಅಣುವಿನಲ್ಲಿ ಇಂಗಾಲದ 10 ಪರಮಾಣುಗಳಿದ್ದರೆ, ಲಾವಂಚದ ಮುಖ್ಯ ಅಂಶಗಳಲ್ಲಿ 15 ಇರುತ್ತವೆ. ಭಾರವಾದ ಅಣು ನಿಧಾನವಾಗಿ ಆವಿಯಾಗುತ್ತದೆ. ಆದ್ದರಿಂದಲೇ ನಿಂಬೆಯ ಕಂಪು ಸ್ವಲ್ಪ ಹೊತ್ತಿನಲ್ಲಿ ಹಾರಿಹೋಗುತ್ತದೆ; ಬೆಳಿಗ್ಗೆ ಹಚ್ಚಿದ ಲಾವಂಚ ಸಂಜೆಯವರೆಗೂ ಬಟ್ಟೆಯಲ್ಲಿ ಉಳಿದಿರುತ್ತದೆ. ಬೇರೆ ಸುಗಂಧಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಇದಕ್ಕಿದೆ. ಹೊಲದಲ್ಲಿ ಮಣ್ಣನ್ನು ಹಿಡಿದಿಡುವ ಬೇರು, ಸೀಸೆಯಲ್ಲಿ ಸುಗಂಧವನ್ನು ಹಿಡಿದಿಡುತ್ತದೆ.

ಸೀಸೆಯೊಳಗೆ ಬರುವವರೆಗೆ

ಸಾಮಾನ್ಯವಾಗಿ 15ರಿಂದ 18 ತಿಂಗಳ ಬೆಳೆಯನ್ನು ಅಗೆಯುತ್ತಾರೆ. ಬಹಳ ಎಳೆಯ ಬೇರಿನಲ್ಲಿ ಎಣ್ಣೆ ಕಡಿಮೆ, ವಾಸನೆಯೂ ಹಸಿ. ಬೇರನ್ನು ತೊಳೆದು, ನೆರಳಲ್ಲಿ ಒಣಗಿಸಿ, ತುಂಡರಿಸಿ, ಹಬೆಯಲ್ಲಿ ಭಟ್ಟಿ ಇಳಿಸುತ್ತಾರೆ. ಎಣ್ಣೆ ಭಾರವಾದ್ದರಿಂದ ಬೇಗ ಬಿಟ್ಟುಕೊಡುವುದಿಲ್ಲ. ಒಂದು ಭಟ್ಟಿಗೆ ಹಗಲು ರಾತ್ರಿ ಉರಿ ಹಾಕಬೇಕಾಗುತ್ತದೆ. ಅಷ್ಟು ಮಾಡಿದರೂ 100 ಕಿಲೋ ಒಣ ಬೇರಿಗೆ ಸಿಗುವುದು ಸುಮಾರು 1 ಕಿಲೋ ಎಣ್ಣೆ. ತಳಿ, ವಯಸ್ಸು, ಮಣ್ಣು ನೋಡಿ ತುಸು ಹೆಚ್ಚು ಕಡಿಮೆ. ಒಳ್ಳೆಯ ಲಾವಂಚದ ಎಣ್ಣೆ ಅಗ್ಗವಾಗಿ ಸಿಗದಿರಲು ಇದೇ ಕಾರಣ.

ಉತ್ತರ ಪ್ರದೇಶದ ಕನೌಜ್ ಪಟ್ಟಣದಲ್ಲಿ ಇಂದಿಗೂ ತಾಮ್ರದ ಹಂಡೆಯಲ್ಲಿ ಬೇರು ಬೇಯಿಸಿ ಭಟ್ಟಿ ಇಳಿಸುವ ಹಳೆಯ ಕ್ರಮವಿದೆ. ಹಾಗೆ ಪಡೆದ ಶುದ್ಧ ಎಣ್ಣೆಗೆ ರೂಹ್ ಖಸ್ ಎನ್ನುತ್ತಾರೆ. ತಾಮ್ರದ ಸಂಪರ್ಕದಿಂದ ಅದಕ್ಕೆ ಹಸಿರು ಛಾಯೆ ಬರುತ್ತದೆ. ಅದೇ ಊರಿನಲ್ಲಿ ಸುಟ್ಟ ಮಣ್ಣನ್ನು ಭಟ್ಟಿಗೆ ಹಾಕಿ, ಅದರ ಆವಿಯನ್ನು ಗಂಧದೆಣ್ಣೆಯಲ್ಲಿ ಇಳಿಸಿ, ಮಳೆಯ ವಾಸನೆಯ ಮಿಟ್ಟಿ ಅತ್ತರನ್ನೂ ಮಾಡುತ್ತಾರೆ.

ಫ್ರಾನ್ಸಿನಲ್ಲಿ ಕಾರ್ವೆನ್ ಸಂಸ್ಥೆ 1957ರಲ್ಲಿಯೂ ಗೆರ್ಲೆನ್ ಸಂಸ್ಥೆ 1959ರಲ್ಲಿಯೂ 'ವೆಟಿವರ್' ಎಂಬ ಹೆಸರಿನಲ್ಲೇ ಗಂಡಸರ ಸೆಂಟುಗಳನ್ನು ಹೊರತಂದವು. ಆಮೇಲೆ ಈ ವಾಸನೆ ಲೋಕವೆಲ್ಲ ಹಬ್ಬಿತು. ಇದು ಗಂಡಸರಿಗೆ ಮಾತ್ರ ಎಂಬುದು ಪೇಟೆಯ ಮಾತು. ನಮ್ಮ ಮನೆಗಳಲ್ಲಿ ತಲೆಗೆಣ್ಣೆಗೆ ಲಾವಂಚ ಹಾಕಿ ಕಾಯಿಸುತ್ತಿದ್ದವರು ಹೆಂಗಸರೇ ಅಲ್ಲವೇ?

ಬೆಳೆದ ಸ್ಥಳಕ್ಕೆ ತಕ್ಕಂತೆ ವಾಸನೆ ಬದಲಾಗುತ್ತದೆ. ಜಾವಾ ದ್ವೀಪದ ಎಣ್ಣೆಯಲ್ಲಿ ಹೊಗೆ ಹೆಚ್ಚು. ಹೈಟಿ ದೇಶದ್ದು ತಿಳಿಯಾದ, ತೊಳೆದಂತಹ ವಾಸನೆ. ಕನೌಜಿನ ರೂಹ್ ಖಸ್ ಗಾಢ. ಅದರಲ್ಲಿ ಒದ್ದೆ ಮಣ್ಣಿನ ಛಾಯೆ ಎದ್ದು ಕಾಣುತ್ತದೆ.

ಮೂಗಿಗೆ ಅಭ್ಯಾಸ

ಲಾವಂಚವನ್ನು ಅಂಗಡಿಯಲ್ಲಿ ನಿಂತು ಒಂದು ಸಲ ಮೂಸಿ ತೀರ್ಮಾನಿಸಬಾರದು. ಅನೇಕ ಸೆಂಟುಗಳಲ್ಲಿ ಮೊದಲು ಏಳುವುದು ನಿಂಬೆ ಮುಂತಾದ ಹಗುರ ವಾಸನೆಗಳು. ಬೇರಿನ ವಾಸನೆ ಹಿಂದಿನಿಂದ ಬರುತ್ತದೆ. ಹೀಗೆ ಮಾಡಿ ನೋಡಿರಿ. ಬಿಳಿ ಕಾಗದದ ಒಂದು ಪಟ್ಟಿಯ ತುದಿಗೆ ಒಂದು ಹನಿ ಹಾಕಿ. ಹತ್ತು ನಿಮಿಷ ಬಿಟ್ಟು ಒಮ್ಮೆ, ಒಂದು ಗಂಟೆ ಬಿಟ್ಟು ಒಮ್ಮೆ, ಸಂಜೆ ಒಮ್ಮೆ ಮೂಸಿ. ಮೂರು ಸಲವೂ ವಾಸನೆ ಬೇರೆಯಾಗಿರುತ್ತದೆ. ಸಂಜೆ ಉಳಿದಿರುವುದೇ ಲಾವಂಚದ ನಿಜವಾದ ಮುಖ. ಅದು ನಿಮಗೆ ಹಿತವೆನಿಸಿದರೆ ಕೊಳ್ಳಿ.

ಪಕ್ಕದಲ್ಲಿ ಒಂದು ಹಿಡಿ ಒಣ ಬೇರು ಇಟ್ಟುಕೊಂಡು ಹೋಲಿಸಿದರೆ ಇನ್ನೂ ಒಳ್ಳೆಯದು. ಅದರ ಮೇಲೆ ನೀರು ಚಿಮುಕಿಸಿ ಮೂಸಿ. ಸೀಸೆಯ ವಾಸನೆ ಆ ಬೇರನ್ನು ಎಷ್ಟರಮಟ್ಟಿಗೆ ನೆನಪಿಸುತ್ತದೆ ಎಂಬುದರಿಂದ ಅದರ ಗುಣ ತಿಳಿಯುತ್ತದೆ. ರೈತರ ಮೂಗಿಗೆ ಈ ವಿಷಯದಲ್ಲಿ ಪಟ್ಟಣದವರಿಗಿಲ್ಲದ ಅನುಭವವಿದೆ.

ಹಚ್ಚಿಕೊಳ್ಳುವ ಕ್ರಮ

1) ಸ್ನಾನವಾದ ಮೇಲೆ, ಮೈ ಒರೆಸಿಕೊಂಡು ಹಚ್ಚಿಕೊಳ್ಳಿ. ಬೆವರಿನ ಮೇಲೆ ಹಚ್ಚಿದರೆ ಎರಡು ವಾಸನೆಗಳೂ ಕೆಡುತ್ತವೆ.

2) ಅತ್ತರಾದರೆ ಒಂದು ಹನಿ ಸಾಕು. ಮಣಿಕಟ್ಟಿಗೆ ಅಥವಾ ಕಿವಿಯ ಹಿಂದೆ ಮುಟ್ಟಿಸಿ. ಎರಡು ಮಣಿಕಟ್ಟುಗಳನ್ನು ಉಜ್ಜುವ ಅಗತ್ಯವಿಲ್ಲ. ಸಿಂಪಡಿಸುವ ಸೆಂಟಾದರೆ ಒಂದೆರಡು ಸಲ ಒತ್ತಿದರೆ ಸಾಕು.

3) ಶುದ್ಧ ಎಣ್ಣೆಯನ್ನು ಹಾಗೆಯೇ ಮೈಗೆ ಹಚ್ಚಬಾರದು. ಎರಡು ಟೀ ಚಮಚ, ಅಂದರೆ ಸುಮಾರು 10 ಮಿಲಿ ಕೊಬ್ಬರಿ ಎಣ್ಣೆಗೆ ಎರಡು ಹನಿ ಬೆರೆಸಿದರೆ ಸರಿಯಾದ ಪ್ರಮಾಣ.

4) ಹತ್ತಿ ಬಟ್ಟೆ ಈ ವಾಸನೆಯನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಎಣ್ಣೆಗೆ ಬಣ್ಣವಿರುವುದರಿಂದ ಬಿಳಿ ಪಂಚೆ, ತಿಳಿ ಬಣ್ಣದ ಸೀರೆಗಳಲ್ಲಿ ಕಲೆ ಉಳಿಯುತ್ತದೆ. ಹತ್ತಿಯ ಸಣ್ಣ ಉಂಡೆಗೆ ಹನಿ ಹಾಕಿ ಜೇಬಿನಲ್ಲೋ ಬಟ್ಟೆಯ ಪೆಟ್ಟಿಗೆಯಲ್ಲೋ ಇಡುವುದು ಕ್ಷೇಮ.

5) ಹಚ್ಚಿಕೊಂಡ ಸ್ವಲ್ಪ ಹೊತ್ತಿಗೆ ನಮ್ಮ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ವಾಸನೆ ಹೋಯಿತೆಂದು ಮತ್ತೆ ಮತ್ತೆ ಹಚ್ಚುವವರಿದ್ದಾರೆ. ಪಕ್ಕದವರಿಗೆ ಅದು ತಾಗುತ್ತಲೇ ಇರುತ್ತದೆ. ಭಾನುವಾರದ ಬಲಿಪೂಜೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಒತ್ತಾಗಿ ಕೂರುವಾಗ ಉಬ್ಬಸದವರೂ ತಲೆನೋವಿನವರೂ ನಮ್ಮ ಪಕ್ಕದಲ್ಲಿ ಇರಬಹುದು. ಕೈ ಚಾಚಿದಷ್ಟು ದೂರದಲ್ಲಿ ಇರುವವರಿಗೆ ಗೊತ್ತಾಗದಷ್ಟು ಹಚ್ಚುವುದೇ ಮರ್ಯಾದೆ.

6) ಸೀಸೆಯನ್ನು ಬಿಸಿಲು ಬೀಳದ ತಂಪು ಜಾಗದಲ್ಲಿ ಬಿಗಿಯಾಗಿ ಮುಚ್ಚಿಡಿ. ಶುದ್ಧ ಲಾವಂಚದ ಎಣ್ಣೆ ಬೇಗ ಕೆಡುವುದಿಲ್ಲ. ಕಾಲ ಕಳೆದಂತೆ ಅದರ ಒರಟುತನ ಇಳಿದು ನಯವಾಗುತ್ತದೆ.

ಆರೋಗ್ಯದ ಎಚ್ಚರಿಕೆಗಳು

ಮೊದಲ ಸಲ ಬಳಸುವವರು ಮೊಣಕೈಯ ಒಳಮಗ್ಗುಲಿಗೆ ಬೆರೆಸಿದ ಎಣ್ಣೆಯ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡಬೇಕು. ಕೆಂಪಾದರೆ, ತುರಿಸಿದರೆ ಬಳಸಬೇಡಿ. ಗಾಯ, ಇಸುಬುಗಳ ಮೇಲೆ ಹಚ್ಚಬಾರದು. ಕೈಗೂಸುಗಳಿಗೆ ಯಾವ ಸೆಂಟೂ ಬೇಡ. ಎಣ್ಣೆಯನ್ನು ಕುಡಿಯಲು ಕೊಡಲೇಬಾರದು. ಮಕ್ಕಳ ಕೈಗೆ ಸಿಗದಂತೆ ಇಡಿ. ಲಾವಂಚ ಮನಸ್ಸಿಗೆ ಹಿತ ನೀಡುತ್ತದೆ ಎಂಬುದು ಅನೇಕರ ಅನುಭವ. ಆದರೆ ಅದನ್ನು ನಂಬಿ ರಕ್ತದೊತ್ತಡದ ಮಾತ್ರೆಯನ್ನೋ ಉಬ್ಬಸದ ಔಷಧಿಯನ್ನೋ ನಿಲ್ಲಿಸಬಾರದು.

ಮಡಕೆಯ ನೀರಿನ ವಿಷಯದಲ್ಲೂ ಒಂದು ಮಾತು. ನೀರನ್ನು ತಂಪು ಮಾಡುವುದು ಮಡಕೆ. ಅದರ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ನೀರಿನ ಕಾವು ಇಳಿಯುತ್ತದೆ. ಲಾವಂಚ ಕೊಡುವುದು ಕಂಪು ಮತ್ತು ರುಚಿ. ಅದು ನೀರನ್ನು ಶುದ್ಧ ಮಾಡುವುದಿಲ್ಲ. ಆದ್ದರಿಂದ ನೀರನ್ನು ಕುದಿಸಿ ಆರಿಸಿ ಮಡಕೆಗೆ ತುಂಬಿ, ಆಮೇಲೆ ಬೇರು ಹಾಕಿ. ಬೇರನ್ನು ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಕಟ್ಟಿರಬೇಕು. ಎರಡು ಮೂರು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ, ಲೋಳೆಯಾದರೆ ಎಸೆದುಬಿಡಿ.

ನಮ್ಮ ಜಿಲ್ಲೆಗಳವರು ಇನ್ನೊಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು. ಉಪ್ಪು ನೀರನ್ನೂ ಸೀಸ, ಕ್ರೋಮಿಯಂ ಮೊದಲಾದ ಲೋಹಗಳನ್ನೂ ಸಹಿಸಿ ಬೆಳೆಯುವ ಶಕ್ತಿ ಲಾವಂಚಕ್ಕಿದೆ. ಹಾಗೆ ಹೀರಿದ ಲೋಹದ ಬಹುಪಾಲು ಅದರ ಬೇರಿನಲ್ಲೇ ಉಳಿಯುತ್ತದೆ. ಕಲುಷಿತ ಜಾಗಗಳನ್ನು ಸುಧಾರಿಸಲು ಲೋಕದ ಅನೇಕ ಕಡೆ ಇದನ್ನು ನೆಡುವುದೂ ಇದೇ ಕಾರಣಕ್ಕೆ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಕೊಳೆನೀರು ನೊಯ್ಯಲ್ ನದಿಯನ್ನು ಎಷ್ಟು ಕೆಡಿಸಿತ್ತೆಂಬುದು ನಮಗೆಲ್ಲ ಗೊತ್ತು. 2011ರಲ್ಲಿ ಮದ್ರಾಸ್ ಹೈಕೋರ್ಟು ಆ ಕಾರ್ಖಾನೆಗಳನ್ನು ಮುಚ್ಚುವಂತೆ ಆಜ್ಞೆ ಮಾಡಬೇಕಾಯಿತು. ಕೊಳೆನೀರನ್ನು ಹೊರಬಿಡದ ಏರ್ಪಾಟಿನ ಮೇಲೆ ಕಾರ್ಖಾನೆಗಳು ಆಮೇಲೆ ತೆರೆದವು. ಅಂತಹ ನೀರು ಹರಿದ ಜಾಗದಲ್ಲಿ, ಚರಂಡಿ ದಂಡೆಯಲ್ಲಿ ಬೆಳೆದ ಬೇರನ್ನು ಕುಡಿಯುವ ನೀರಿಗೆ ಹಾಕಬಾರದು, ಸ್ನಾನದ ಪುಡಿಗೂ ಕುಟ್ಟಬಾರದು. ಹಬೆಯಲ್ಲಿ ಇಳಿಸಿದ ಎಣ್ಣೆಯ ಮಾತು ಬೇರೆ, ಏಕೆಂದರೆ ಇಂತಹ ಲೋಹಗಳು ಹಬೆಯೊಂದಿಗೆ ಏಳುವುದಿಲ್ಲ. ಬೇರನ್ನೇ ನೆನೆಹಾಕುವಾಗ ಮಾತ್ರ ಅದು ಬೆಳೆದ ಜಾಗ ಯಾವುದೆಂದು ಕೇಳಿ ಕೊಳ್ಳಿ.

ಕೊಳ್ಳುವಾಗ

ಒಳ್ಳೆಯ ಬೇರು ಹಳದಿ ಮಿಶ್ರಿತ ಕಂದು ಬಣ್ಣದ್ದಾಗಿ, ಎಳೆ ಎಳೆಯಾಗಿ, ಒಣಗಿರುತ್ತದೆ. ಬೂಷ್ಟಿನ ವಾಸನೆ ಇರಬಾರದು. ಬೇರು ಒಣಗಿದ್ದಾಗ ಸುಮ್ಮನಿದ್ದು, ನೀರು ತಾಗಿದೊಡನೆ ಕಂಪು ಎದ್ದರೆ ಎಣ್ಣೆ ಇದೆಯೆಂದು ಅರ್ಥ. ಏನೂ ಏಳದಿದ್ದರೆ ಒಮ್ಮೆ ಭಟ್ಟಿ ಇಳಿಸಿದ ಬೇರಾಗಿರಬಹುದು. ಶುದ್ಧ ಎಣ್ಣೆ ಮಂದವಾಗಿ, ಕಂದು ಬಣ್ಣದಲ್ಲಿ ಜೇನಿನಂತೆ ನಿಧಾನವಾಗಿ ಇಳಿಯುತ್ತದೆ. ನೀರಿನಂತೆ ತೆಳುವಾಗಿ ಬಣ್ಣವಿಲ್ಲದೆ ಇದ್ದು ಅಗ್ಗವಾಗಿ ಸಿಕ್ಕರೆ ಅದನ್ನು ಬೇರಿನ ಎಣ್ಣೆ ಎಂದು ನಂಬಬೇಡಿ. ಖಸ್ ಎಂಬ ಹೆಸರಿನಲ್ಲಿ ಮಾರುವ ಕಡು ಹಸಿರು ಶರಬತ್ತುಗಳಲ್ಲಿ ಆ ಬಣ್ಣ ಹೊರಗಿನಿಂದ ಸೇರಿಸಿದ್ದು. ಬೇರು ನೆನೆಸಿದ ನೀರಿಗೆ ಹಸಿರು ಬರುವುದಿಲ್ಲ.

ಬದುವಿನ ಬೇರು ಯಾರದು?

ಇನ್ನು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಸತ್ಯಮಂಗಲದ ಘಟ್ಟದಾಚೆ, ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಲ್ಲಿದೆ. ಅಲ್ಲಿನ ರೈತರು ನೂರು ವರ್ಷಗಳಿಗೂ ಹಿಂದಿನಿಂದ ಹೊಲಗಳ ಎಲ್ಲೆಗೆ ಲಾವಂಚದ ಬೇಲಿ ನೆಟ್ಟು ಕಾಪಾಡಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ರಿಚರ್ಡ್ ಗ್ರಿಮ್‌ಶಾ ಮತ್ತು ಜಾನ್ ಗ್ರೀನ್‌ಫೀಲ್ಡ್ ಎಂಬ ತಜ್ಞರು ಮಣ್ಣಿನ ಕೊಚ್ಚಣೆ ತಡೆಯಲು ಲಾವಂಚದ ಬೇಲಿಯನ್ನು ಲೋಕಕ್ಕೆಲ್ಲ ಪ್ರಚಾರ ಮಾಡಿದರು. ಗ್ರೀನ್‌ಫೀಲ್ಡ್ 1950ರ ದಶಕದಲ್ಲೇ ಫಿಜಿಯ ಕಬ್ಬಿನ ಹೊಲಗಳಲ್ಲಿ ಅದನ್ನು ಪ್ರಯೋಗಿಸಿದ್ದವರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಹುಲ್ಲಿನ ಬಗ್ಗೆ ಒಂದು ಪುಸ್ತಕವನ್ನೇ ಹೊರತಂದಿತು. ದೊಡ್ಡ ತಜ್ಞರು ಒಪ್ಪಿದ ಉಪಾಯವನ್ನು ನಮ್ಮ ಕನ್ನಡ ರೈತರು ಮೊದಲೇ ಬಲ್ಲವರಾಗಿದ್ದರು.

ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗೆ ಇಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ 3 ಮೀಟರಿನಷ್ಟು ಆಳಕ್ಕೆ ಹೋಗುತ್ತದೆ. ಆದ್ದರಿಂದ ಪಕ್ಕದ ಬೆಳೆಗೆ ಹೆಚ್ಚಿನ ತೊಂದರೆಯಿಲ್ಲ. ದಟ್ಟವಾಗಿ ಬೆಳೆದ ಬೇಲಿ ಮಳೆನೀರಿನ ವೇಗ ತಗ್ಗಿಸಿ, ಮಣ್ಣನ್ನು ಹಿಂದೆ ನಿಲ್ಲಿಸಿ, ನೀರನ್ನು ಮಾತ್ರ ನಿಧಾನವಾಗಿ ಮುಂದೆ ಬಿಡುತ್ತದೆ. ನಮ್ಮಲ್ಲಿ ಮಳೆ ಕಡಿಮೆ. ಬರುವುದೂ ಐಪ್ಪಸಿ ಕಾರ್ತಿಕದಲ್ಲಿ ಜೋರಾಗಿ ಸುರಿದು ಹೋಗುತ್ತದೆ. ಇಂತಹ ನೆಲದಲ್ಲಿ ಬದುವಿನ ಲಾವಂಚವೆಂದರೆ ಮೇಲ್ಮಣ್ಣಿನ ಕಾವಲುಗಾರ.

ಸುಗಂಧ ಇರುವುದು ಬೇರಿನಲ್ಲಿ, ಎಲೆಯಲ್ಲಲ್ಲ. ಬೇರು ಬೇಕೆಂದರೆ ಗಿಡವನ್ನು ಬುಡಸಮೇತ ಅಗೆಯಲೇಬೇಕು. ಬದುವಿನಲ್ಲಿ ಅಗೆದರೆ ಬದುವೇ ಸಡಿಲವಾಗಿ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಲೋಕದ ಮಾರುಕಟ್ಟೆಗೆ ಲಾವಂಚದ ಎಣ್ಣೆಯನ್ನು ಅತಿ ಹೆಚ್ಚಾಗಿ ಕೊಡುತ್ತಿರುವ ಹೈಟಿ ದೇಶದಲ್ಲಿ ಇಳಿಜಾರು ಗುಡ್ಡಗಳ ಬೇರನ್ನು ಅಗೆದುದರಿಂದ ಮಣ್ಣಿನ ನಷ್ಟ ದೊಡ್ಡ ಸಮಸ್ಯೆಯಾಗಿದೆ. ಮಣ್ಣು ಉಳಿಸುವ ಗಿಡವೇ ಅಲ್ಲಿ ಮಣ್ಣು ಕಳೆಯಲು ಕಾರಣವಾಯಿತು. ವ್ಯಾಪಾರಿ ಕೊಡುವ ಹಣ ಒಂದು ಸಲ ಬರುವುದು. ಹೋದ ಮಣ್ಣು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಿಂದಿರುಗದು.

ಹಾಗಾದರೆ ಏನು ಮಾಡಬೇಕು?

ಬೇಲಿಗೊಂದು, ಬೇರಿಗೊಂದು ಎಂದು ಜಾಗ ಬೇರೆ ಮಾಡಿಕೊಳ್ಳಬೇಕು. ಬದುವಿನಲ್ಲಿ ಇಳಿಜಾರಿಗೆ ಅಡ್ಡಲಾಗಿ ಮರಿಗಳನ್ನು 15 ಸೆಂಟಿಮೀಟರಿಗೊಂದರಂತೆ ಒಂದೇ ಸಾಲಾಗಿ ನೆಡಿ. 100 ಮೀಟರಿಗೆ ಸುಮಾರು 670 ಮರಿ ಬೇಕು. ಸತ್ತ ಮರಿಗಳ ಜಾಗವನ್ನು ಮೊದಲ ವರ್ಷವೇ ತುಂಬಿ. ಎರಡು ಮೂರು ವರ್ಷಗಳಲ್ಲಿ ಬೇಲಿ ಕೂಡಿಕೊಳ್ಳುತ್ತದೆ. ಎಲೆಯನ್ನು ಆಗಾಗ ಕೊಯ್ದು ಎಳೆಯದನ್ನು ದನಕ್ಕೂ ಬಲಿತದ್ದನ್ನು ತೆಂಗಿನ ಬುಡಕ್ಕೆ ಹೊದಿಕೆಯಾಗಿಯೂ ಬಳಸಿ. ಬೇರನ್ನು ಮುಟ್ಟಬೇಡಿ.

ಸುಗಂಧದ ಬೇರಿಗೆ ಸಮತಟ್ಟಾದ, ಮರಳು ಬೆರೆತ ಜಾಗ ಆರಿಸಿ. ಪಲ್ಲಡಂ, ಉಡುಮಲೈ ಕಡೆಯ ಗಟ್ಟಿ ಕಪ್ಪು ಮಣ್ಣಿನಲ್ಲಿ ಅಗೆಯುವುದು ಕಷ್ಟ, ಬೇರು ತುಂಡಾಗುತ್ತದೆ. ಅಂತಹ ಕಡೆ ಎತ್ತರದ ಮಡಿ ಮಾಡಿ, ಅಥವಾ ಮರಳು, ಗೊಬ್ಬರ, ಪೊಳ್ಳಾಚಿ ಕಡೆ ಧಾರಾಳವಾಗಿ ಸಿಗುವ ತೆಂಗಿನ ನಾರಿನ ಪುಡಿ ಬೆರೆಸಿ ಚೀಲಗಳಲ್ಲಿ ತುಂಬಿ ನೆಡಬಹುದು. ಚೀಲ ಹರಿದು ಕೊಡವಿದರೆ ಬೇರು ಸುಲಭವಾಗಿ ಬರುತ್ತದೆ, ಮನೆಯ ಬಳಕೆಗೆ ಹತ್ತು ಚೀಲ ಸಾಕು. ಅಗೆದ ಗಿಡದ ಬುಡದಿಂದಲೇ ಮುಂದಿನ ಬೆಳೆಗೆ ಮರಿಗಳೂ ಸಿಗುತ್ತವೆ.

ಮಾರಾಟಕ್ಕೆ ಬೆಳೆಯುವವರು ಮೊದಲು ಕೊಳ್ಳುವವರನ್ನು ಗೊತ್ತು ಮಾಡಿಕೊಂಡು ನಂತರ ನೆಡಬೇಕು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಔಷಧಿ ಮತ್ತು ಸುಗಂಧ ಬೆಳೆಗಳಿಗೆಂದೇ ಒಂದು ವಿಭಾಗವಿದೆ. ತಳಿ, ಮಣ್ಣು, ಭಟ್ಟಿಯ ವಿಷಯವಾಗಿ ಅಲ್ಲಿ ವಿಚಾರಿಸದೆ ಯಾರದೋ ಮಾತು ಕೇಳಿ ಎಕರೆಗಟ್ಟಲೆ ಹಾಕಬೇಡಿ.

ಈ ಬೇಸಿಗೆಯಲ್ಲಿ ಮಕ್ಕಳು ಲಾವಂಚದ ಸೆಂಟು ತಂದರೆ ಗದರಬೇಡಿ. ಒಂದು ಹನಿ ಸಾಕೆಂದು ಹೇಳಿಕೊಡಿ. ಬದುವಿನ ಬಳಿಗೆ ಕರೆದುಕೊಂಡು ಹೋಗಿ ಆ ಗಿಡವನ್ನೂ ತೋರಿಸಿ. ವ್ಯಾಪಾರಿ ಬಂದರೆ ಮಡಿಯ ಬೇರನ್ನು ಕೊಡಿ, ಬದುವಿನ ಬೇರನ್ನು ಬಿಡಿ. ಮಳೆಗಾಲಕ್ಕೆ ಮುಂಚೆ ಹತ್ತು ಮರಿಗಳನ್ನಾದರೂ ನೆಡಿ.